ತೆಳು ತಲೆಯ ಕೋಲು

ಮಂಗಲ್ಪಾಡಿಯ ಸಮದ್ ಸಾಹೇಬರು ಕಣ್ಣು ಮುಚ್ಚಿದರೆ ಸಾಕು, ಒಂದು ಬಿಳಿ ಚೆಂಡು ತೆಂಗಿನ ಮರಗಳ ಮೇಲಿಂದ ಹಗಲಿನ ಚಂದ್ರನ ಹಾಗೆ ತೇಲಿ ಹೋಗುತ್ತಿತ್ತು. ಕಣ್ಣು ತೆರೆದರೆ ಅದು ಅಂಗಳದ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಇಟ್ಟಲ್ಲೇ ಇರುತ್ತಿತ್ತು, ಪಾಪ.

ದುಬೈಯ ಗಾಲ್ಫ್ ಕ್ಲಬ್ಬಿನಲ್ಲಿ ಅವರ ಕೆಲಸ ಶ್ರೀಮಂತರ ಕೋಲುಗಳನ್ನು ತೊಳೆಯುವುದು. ಒಂದು ದಿನವೂ ಚೆಂಡು ಹೊಡೆದವರಲ್ಲ. ಆದರೆ ಕೋಲಿನ ಕಬ್ಬಿಣದ ತಲೆ ನೋಡಿ ಆಡಿದವನ ಜಾತಕ ಹೇಳುತ್ತಿದ್ದರು. ತೆಳು ತಲೆಯದ್ದು ಉಸ್ತಾದರದ್ದು, ಸವೆದ ಗುರುತು ನಟ್ಟನಡುವೆ, ನಾಣ್ಯದಷ್ಟೇ. ಬೆನ್ನು ಕೊರೆದು ಭಾರವನ್ನೆಲ್ಲ ಅಂಚಿಗೆ ಹಾಕಿದ ದಪ್ಪ ತಲೆಯದ್ದು ಕಲಿಯುವವರದ್ದು. ಅದಕ್ಕೆ ಮುಖದ ತುಂಬ ಗುರುತು. ಎಲ್ಲಿ ತಾಗಿದರೂ ಚೆಂಡು ಹೋಗುತ್ತದೆ. (ಅಷ್ಟು ಕ್ಷಮಾಗುಣದ ತಲೆ ಮನುಷ್ಯರಿಗೂ ಇದ್ದಿದ್ದರೆ ಎಷ್ಟು ಸಂಸಾರ ಉಳಿಯುತ್ತಿತ್ತು, ಅದಿರಲಿ.)

ಊರಿಗೆ ಬರುವಾಗ ಯಾರೋ ಬಿಟ್ಟುಹೋದ ಕೋಲುಗಳಲ್ಲಿ ಎರಡೂ ಬಗೆಯದ್ದು ಒಂದೊಂದು ತಂದರು. ತೆಳು ತಲೆಯದ್ದು ಕಪಾಟಿನಲ್ಲಿ ಅತ್ತರಿನ ಪಕ್ಕ ಮಲಗಿತು. ದಪ್ಪದ್ದರಲ್ಲಿ ಹೆಂಡತಿ ಮರಿಯುಮ್ಮ ನುಗ್ಗೆಕಾಯಿ ಎಳೆದರು.

ಮಗಳು ಅಫೀಫಾಳ ಮದುವೆಯಾಗಿ ಹೊಸ ಅಳಿಯ ನಿಯಾಸ್ ಸತ್ಕಾರಕ್ಕೆ ಬಂದ. ಹೊಸ ಅಳಿಯ, ಅಂದರೆ ಪುದಿಯಾಪ್ಳೆ, ಕೇಳಿದ್ದಕ್ಕೆ ಇಲ್ಲ ಎನ್ನುವ ಕ್ರಮ ಆ ಮನೆಗಳಲ್ಲಿಲ್ಲ. ಕೋಳಿ ಕೇಳಿದ್ದರೆ ಸುಲಭವಿತ್ತು.

“ಮಾವ, ದುಬೈಯಲ್ಲಿ ನೀವು ದೊಡ್ಡ ಗಾಲ್ಫ್ ಆಟಗಾರ ಅಂತ ಅಫೀಫಾ ಹೇಳಿದ್ಳು. ಒಂದು ಹೊಡ್ದು ತೋರಿಸ್ತೀರಾ?”

(ಮಗಳಿಗೆ ಹಾಗೆ ಹೇಳಿದ್ದು ಯಾರೆಂದು ಕೇಳಬೇಡಿ.) ಈಗ ಅಳಿಯನ ಮುಂದೆ ಮಾನದ ಪ್ರಶ್ನೆ. ಮರಿಯುಮ್ಮ ಮೆಲ್ಲಗೆ ಹೇಳಿದರು, “ಹೊಯಿಗೆಗೆ ತೆಳು ಆಗುದಿಲ್ಲ, ಹುಗಿತದೆ. ದಪ್ಪದ್ದು ತೆಕೊಳ್ಳಿ.”

“ಉಸ್ತಾದನ ಕೈಗೆ ಮಕ್ಕಳ ಕೋಲಾ? ನೀನು ಒಲೆ ಮೇಲಿನ ಪತ್ತಿರಿ ನೋಡು, ಹೋಗು.”

ಸಾಹೇಬರು ಕಣ್ಣು ಅರೆಮುಚ್ಚಿ ಬೀಸಿದರು. ತೆಳು ತಲೆ ಹಾರೆಯ ಹಾಗೆ ಇಳಿಯಿತು. ಹೊಯಿಗೆ ಅಳಿಯನ ಬಿಳಿ ಅಂಗಿಗೆ ಬಿತ್ತು. ಚೆಂಡು ಧ್ಯಾನದಲ್ಲೇ ಇತ್ತು. ಇನ್ನೊಮ್ಮೆ ಅಳಿಯನ ಕೂದಲಿಗೆ, ಮತ್ತೊಮ್ಮೆ ತಟ್ಟೆಯ ಹಲ್ವಾಕ್ಕೆ. ಸಂಭಾವಿತ ಹುಡುಗ, ಗಾಳಿ ಜಾಸ್ತಿ ಉಂಟು ಎಂದ. ತೆಂಗಿನ ಗರಿ ಅಲುಗುತ್ತಿರಲಿಲ್ಲ.

ಪತ್ತಿರಿ ತಣಿಯುತ್ತದೆಂದು ಕರೆದು ಕರೆದು ಸಾಕಾದ ಮರಿಯುಮ್ಮ, ಆ ಚೆಂಡು ಅಲ್ಲಿರುವ ತನಕ ಇವರು ಊಟಕ್ಕೇಳುವುದಿಲ್ಲವೆಂದು ತಿಳಿದು, ನುಗ್ಗೆಮರಕ್ಕೆ ಒರಗಿಸಿದ್ದ ದಪ್ಪ ಕೋಲು ತಂದು ಅಂಗಳ ಗುಡಿಸುವ ಹಾಗೆ ಒಮ್ಮೆ ಬೀಸಿದರು. ಚೆಂಡು ಎದ್ದಿತು. ಬಾವಿ ದಾಟಿ, ತೆಂಗು ದಾಟಿ, ಹಗಲಿನ ಚಂದ್ರನ ಹಾಗೆ ತೇಲಿತು. ಸಾಹೇಬರ ಕನಸೇ, ಒಂದು ಗರಿಯಷ್ಟೂ ವ್ಯತ್ಯಾಸವಿಲ್ಲ.

ಸಂಜೆ ಹಳೆಯ ಅಭ್ಯಾಸದಿಂದ ಎರಡೂ ಕೋಲಿನ ತಲೆ ತೊಳೆಯುವಾಗ ಅವರ ಮುಖ ಅರಳಿತು. ದಪ್ಪದ್ದರ ಹೊಸ ಗುರುತು ಅಂಚಿನಲ್ಲಿತ್ತು.

“ನೋಡು ಮರಿಯು, ನಿನ್ನದು ನಡುವಿಗೆ ತಾಗ್ಲೇ ಇಲ್ಲ.”

“ಅಂಚಿಗೆ ತಾಗಿಯೇ ಅಷ್ಟು ದೂರ ಹೋಗುದಾದ್ರೆ ನಡುವಿಗೆ ತಾಗಿಸುದು ಎಂತಕ್ಕೆ?”

ಬೆಳಿಗ್ಗೆ ಸಾಹೇಬರು ತಗ್ಗಿದ ದನಿಯಲ್ಲಿ ದಪ್ಪ ಕೋಲು ಕೇಳಿದರು.

“ಅದು ಪುದಿಯಾಪ್ಳೆ ಕೇಳಿದ, ಕೊಟ್ಟೆ. ಇಲ್ಲ ಅನ್ಲಿಕ್ಕೆ ಉಂಟಾ? ನಿಮ್ಮದು ತೆಕೊಂಡು ಹಿತ್ತಿಲಿಗೆ ಹೋಗಿ. ಮರಗೆಣಸು ಅಗೆಯಲಿಕ್ಕೆ ಉಂಟು. ಅದು ಚೆಂದ ಇಳಿತದೆ, ನಿನ್ನೆ ನೋಡಿದೆನಲ್ಲ.”

ಸಾಹೇಬರು ಹಿತ್ತಿಲಲ್ಲಿ ಕಣ್ಣು ಅರೆಮುಚ್ಚಿ ಬೀಸಿದರು. ಗೆಣಸಿನೊಟ್ಟಿಗೆ ಒಂದು ಕಲ್ಲೂ ಠಣ್ಣೆಂದು ಎದ್ದಿತು. ಲುಂಗಿಯಲ್ಲಿ ಕೋಲಿನ ತಲೆ ಒರೆಸಿ ನೋಡಿದರೆ, ಕಲ್ಲಿನ ಗುರುತು ನಟ್ಟನಡುವೆ, ನಾಣ್ಯದಷ್ಟೇ.