ಐದು ಹೆಡೆಯ ಹಾವೂ ಸಮೀಕ್ಷೆ ಡ್ಯೂಟಿಯೂ

ಅಣ್ಣಿಗೇರಿ ಕಡೆಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇಂಥದ್ದು ವರ್ಷಕ್ಕೊಂದಾದರೂ ಆಗಿಯೇ ಆಗುತ್ತದೆ. ಪಾಠ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಾವು ಮಾಸ್ತರರು ಬಹಳ ಶ್ರದ್ಧೆಯವರು.

ಜಪ್ತಿ

ಈ ವರ್ಷ ಎಂಟನೇ ಕ್ಲಾಸಿನಿಂದ ಒಂದು ರಾಶಿ ಚಿತ್ರದ ಕಾರ್ಡು ಜಪ್ತಿ ಮಾಡಿದೆವು. ಹಾವು, ಹದ್ದು, ಹುಲಿ ಹೊಡೆದಾಡುವ ಆಟ. ಪ್ರತಿ ಸರದಿಗೂ ನಿಮ್ಮ ಕಟ್ಟಿನಿಂದ ಒಂದು ಕಾರ್ಡು ಎತ್ತಬೇಕು, ಎತ್ತಲಾಗದವನು ಸೋತ. ಮಕ್ಕಳ ತಲೆ ಕೆಡಿಸುವಂಥದ್ದು ಏನಿದೆ ನೋಡೋಣವೆಂದು ಕೂತ ನಾವು ಬೆಲ್ ಹೊಡೆದರೂ ಏಳಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, “ಕಲಘಟಗಿ ಕಡೆ ಮನಿ ಮನಿ ಸಮೀಕ್ಷಾಕ್ಕ ಒಬ್ರು ಹೋಗ್ಬೇಕ್ರಿ. ನಾಗರ ಪಂಚಮಿ ಮುಗಿಯೂದ್ರಾಗ ನೀವ ಒಂದು ಹೆಸರು ಹೇಳ್ರಿ” ಎಂದರು. ನನ್ನ ಬಳಿ ಮಂಡಿನೋವಿನ ಸರ್ಟಿಫಿಕೇಟು ಇತ್ತು. ಉಳಿದವರು ಪಿ.ಟಿ. ಮಾಸ್ತರು ಮತ್ತು ಹಿಂದಿ ಮಾಸ್ತರು. ಆಟದಲ್ಲಿ ಸೋತವರು ಹೋಗುವುದೆಂದು ಠರಾವಾಯಿತು. ಹೆಡ್‌ಮಾಸ್ತರರು ಕಾರ್ಡುಗಳನ್ನು ನೋಡಿದರು, ತುಸು ಯೋಚಿಸಿದರು.

“ನನ್ನನ್ನ ಮಾತ್ರ ಆಟಕ್ಕ ಸೇರಿಸ್ಬ್ಯಾಡ್ರಿ” ಎಂದು ಹೋದರು.

ಬಲಿ

ಪಿ.ಟಿ. ಮಾಸ್ತರು ಬರೀ ಹಾವುಗಳನ್ನೇ ಆರಿಸಿ ಕಟ್ಟು ಮಾಡಿದರು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಮೂರು ಸಣ್ಣ ಹಾವು ಬಲಿ ಕೊಟ್ಟರೆ ಐದು ಹೆಡೆಯ ಹಾವು ಹೊರಬರುತ್ತದೆ. ಅದು ಬಂತೆಂದರೆ ಎದುರಿನವನ ಕಥೆ ಮುಗಿಯಿತು. ಅವರ ತಕರಾರು ಒಂದೇ.

“ಇಷ್ಟಲಿಂಗ ಕಟ್ಟಿಕೊಂಡ ಮನಿತನರಿ ನಮ್ದು. ಬಲಿ ಗಿಲಿ ನಮ್ಮಲ್ಲಿ ಆಗಂಗಿಲ್ರಿ.”

ದೊಡ್ಡ ಹಾವು ಕೈಯಲ್ಲೇ ಕೊಳೆಯಿತು. ಪ್ರ್ಯಾಕ್ಟೀಸಿನಲ್ಲಿ ಸೋತು ಸೋತು ಸುಣ್ಣವಾದರು. ಕೊನೆಗೆ ಹಿಂದಿ ಮಾಸ್ತರಿಗೇ ಕನಿಕರ ಬಂತು. “ಬಲಿ ಯಾಕಂತೀರಿ ಸರ? ವರ್ಗಾವಣಿ ಅನ್ರಿ.”

ಪಿ.ಟಿ. ಮಾಸ್ತರ ಮುಖ ಅರಳಿತು. ಮೂರು ಹಾವನ್ನು ಬಾಜು ಸರಿಸಿ, “ಇವನ್ನ ಕಲಘಟಗಿ ಕಡೆ ಬಮ್ಮಿಗಟ್ಟಿಗೆ ವರ್ಗಾ ಮಾಡೀನ್ರಿ” ಎಂದರು. ಮರುಕ್ಷಣವೇ ಕರಗಿದರು. “ಪಾಪ, ಅಲ್ಲಿ ಬಾಡಿಗಿ ಮನಿ ಸಿಗತಾವೋ ಇಲ್ಲೋ.”

ಹದ್ದು

ಒಂದೇ ಬಳಗದವರನ್ನು ತುಂಬಿಕೊಂಡ ಕಟ್ಟಿನ ತೊಂದರೆಯೆಂದರೆ, ಒಬ್ಬನಿಗೆ ಬಂದದ್ದು ಎಲ್ಲರಿಗೂ ಬರುತ್ತದೆ. ನಮ್ಮ ಕಡೆಯ ಕಮಿಟಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿ ಮಾಸ್ತರ ಬಳಿ ಒಂದು ಹದ್ದಿತ್ತು. ಅದೊಂದೇ ಇಡೀ ಹಾವಿನ ಸಂಸಾರವನ್ನು ನುಂಗುತ್ತಿತ್ತು.

ಪಿ.ಟಿ. ಮಾಸ್ತರು ಬಹಳ ಯೋಚಿಸಿ, “ಫೈನಲ್ ಪಂಚಮಿ ದಿನ ನಮ್ಮ ಮನ್ಯಾಗ ಇಡೂಣ್ರಿ” ಎಂದರು. ರಮಜಾನಿಗೆ ಶ್ಯಾವಿಗೆಯ ಸುರಕುಂಬಾ ಕಳಿಸಿ ಪಂಚಮಿಗೆ ಉಂಡಿಯ ದಾರಿ ಕಾಯುವ ಹಿಂದಿ ಮಾಸ್ತರು ಹಿಂದೆ ಮುಂದೆ ನೋಡದೆ ಒಪ್ಪಿದರು. ಹದ್ದಿಗೂ ಒಂದು ದೌರ್ಬಲ್ಯವಿತ್ತು, ಶೇಂಗಾ ಉಂಡಿ.

ಹಾಲು

ಪಂಚಮಿಯ ದಿನ ಪಡಸಾಲೆಯಲ್ಲಿ ಆಟ ಶುರುವಾಯಿತು. ಹಿಂದಿ ಮಾಸ್ತರು ಹದ್ದನ್ನು ಎತ್ತಿದರು.

“ಏನ್ರಿ ಸರ, ಇವತ್ತಿನ ದಿನ, ನಮ್ಮ ಮನ್ಯಾಗ, ನಾಗಪ್ಪನ್ನ ಹೊಡೀತೀರಿ?”

ಹಿಂದಿ ಮಾಸ್ತರು ಬಾಯಲ್ಲಿದ್ದ ಉಂಡಿ ನುಂಗಿ ಹದ್ದನ್ನು ಹಿಂದಕ್ಕೆ ತೆಗೆದುಕೊಂಡರು. “ಇಷ್ಟ ವರ್ಷ ಉಂಡಿ ತಿಂದೇನ್ರಿ, ಹೆಂಗ ಹೊಡೀಲಿ?”

ಮೂರು ಹಾವು ಬಮ್ಮಿಗಟ್ಟಿಗೆ ವರ್ಗವಾದವು. ಐದು ಹೆಡೆಯ ಹಾವು ಬಂತು. ಇನ್ನೊಂದೇ ಸರದಿ, ಹಿಂದಿ ಮಾಸ್ತರಿಗೆ ಸಮೀಕ್ಷೆ ಖಾಯಂ.

ಆಗ ಹಾಲು ಹಿಡಿದು ಪಿ.ಟಿ. ಮಾಸ್ತರ ತಾಯಿ ಬಂದರು. “ಅಯ್ಯ ನನ್ನಪ್ಪಾ, ಐದು ಹೆಡಿ ನಾಗಪ್ಪ! ಹಬ್ಬದ ದಿನ ಮನೀಗೆ ಬಂದೀ!” ನಾವು ಬಾಯಿ ತೆರೆಯುವಷ್ಟರಲ್ಲಿ ಕೊಬ್ಬರಿ ಬಟ್ಟಲಿನಿಂದ ಕಾರ್ಡಿನ ಮೇಲೆ ಹಾಲು ಬೀಳತೊಡಗಿತು. “ದೇವರ ಪಾಲು... ಗುರುವಿನ ಪಾಲು... ಸೊಸಿ ಪಾಲು...”

“ಯವ್ವಾ, ಸಾಕ ಬೇ!” ಎಂದು ಮಗ ಚೀರಿದರು.

“ಸುಮ್ನಿರಲೇ, ಇನ್ನ ನಿನ್ನ ಪಾಲು ಹಾಕಿಲ್ಲ.” ಅದನ್ನೂ ಹಾಕಿ, ಬಟ್ಟಲನ್ನು ಹಿಂದಿ ಮಾಸ್ತರ ಕೈಗೆ ಕೊಟ್ಟರು. “ನೀನೂ ಹಾಕಪಾ, ನಿನ್ನ ಪಾಲು.”

ಹಿಂದಿ ಮಾಸ್ತರು ಅಗದಿ ಭಕ್ತಿಯಿಂದ ತಮ್ಮ ಪಾಲನ್ನು ಪಿ.ಟಿ. ಮಾಸ್ತರ ಕಟ್ಟಿನ ಮೇಲೆಯೇ ಸುರಿದರು.

ಪಿ.ಟಿ. ಮಾಸ್ತರ ಸರದಿ ಬಂದಾಗ ಕಾರ್ಡುಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಎಷ್ಟು ಕೆರೆದರೂ ಒಂದನ್ನೂ ಎತ್ತಲಾಗಲಿಲ್ಲ. ಸೋತರು. ನಿಜ ಹೇಳಬೇಕೆಂದರೆ ನನಗೆ ಪಾಪ ಎನ್ನಿಸಲೇ ಇಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಮರುದಿನ ಹೆಡ್‌ಮಾಸ್ತರರು ಸಮೀಕ್ಷೆಯ ಊರು ಹೇಳಿದರು. ಬಮ್ಮಿಗಟ್ಟಿ.

ಪಿ.ಟಿ. ಮಾಸ್ತರು ತಲೆ ಮೇಲೆ ಕೈಹೊತ್ತು ಕೂತರು. ಹಿಂದಿ ಮಾಸ್ತರು ಬೆನ್ನು ಸವರಿದರು.

“ಚಿಂತಿ ಮಾಡಬ್ಯಾಡ್ರಿ ಸರ. ಮೂರೂ ಹಾವು ಮೊದಲ ಹೋಗ್ಯಾವಲ್ರಿ, ಬಾಡಿಗಿ ಮನಿ ನೋಡಿಟ್ಟಿರತಾವ.”