ಮುಂದಿನ ಸೀಟಿನ ಅರ್ಹತಾ ಪರೀಕ್ಷೆ

ನನ್ನ ಅಳಿಯ ದೇವರಾಜು ಹನ್ನೊಂದು ವರ್ಷದ ಮಗಳು ಮೀನಾಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದನ್ನು ಕಂಡು ನಾನು ಪಣಕಹಳ್ಳಿಯ ಮನೆಯಂಗಳದಲ್ಲಿ ದಂಗಾಗಿ ನಿಂತೆ. ಅದೂ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳ ಕಣ್ಣೆದುರಿಗೇ!

“ಇಳಿಸು ಅವಳನ್ನು.”

“ಸತ್ಯಮಂಗಲದ ಮದ್ವೆಗೆ ವೊಂಟಿರದು ಅತ್ತೆ. ದಿಂಬಂ ಘಾಟಿಯಿಂದ ಕೆಳೀಕೆ ಇಪ್ಪತ್ತೇಳು ತಿರುವು. ವಾಂತಿ ಮಾಡೋರ್ಗೆ ಮುಂದಿನ ಸೀಟು. ಊರೆಲ್ಲಾ ಇಂಗೇ ಕಣತ್ತೆ!”

(ಹೊಟ್ಟೆ ತೊಳಸುವುದೂ ಒಂದು ವಿದ್ಯಾರ್ಹತೆ ಎಂದು ನನಗೆ ತಿಳಿದದ್ದು ಅಂದೇ.)

“ಡಿಕ್ಕಿಯಾದರೆ ಎದುರಿನ ಏರ್‌ಬ್ಯಾಗು ಯಾವ ವೇಗದಲ್ಲಿ ಸಿಡಿಯುತ್ತದೆ, ಗೊತ್ತೆ? ಮಗುವಿನ ಕುತ್ತಿಗೆ ಉಳಿಯುವುದಿಲ್ಲ. ಮುಂದೆ ಕೂರಲು ಹದಿಮೂರು ತುಂಬಬೇಕು. ತುಂಬಿದರೂ ಸಾಲದು. ಬೆನ್ನು ಸೀಟಿಗೆ ಒರಗಿರುವಾಗ ಪಾದ ನೆಲ ಮುಟ್ಟಬೇಕು. ಬೆಲ್ಟು ಹೆಗಲ ಮೇಲೆ ಹಾಯಬೇಕು, ಕುತ್ತಿಗೆಯ ಮೇಲಲ್ಲ. ವಾಂತಿಯ ಪ್ರಸ್ತಾಪ ಯಾವ ನಿಯಮದಲ್ಲೂ ಇಲ್ಲ.”

ಮೀನಾ ಅಳಲಿಲ್ಲ, ವಾದಿಸಲಿಲ್ಲ, ಇಳಿದಳು. ಆಗಲೇ ನಾನು ಅನುಮಾನಪಡಬೇಕಿತ್ತು. ತೆರವಾದ ಸಿಂಹಾಸನದಲ್ಲಿ ನಾನು ವಿರಾಜಮಾನಳಾದೆ.

“ಅಜ್ಜಿ, ನಿನ್ ಕಾಲು ನೇತಾಡ್ತದೆ.”

“ನನಗೆ ಎಪ್ಪತ್ತೆರಡು.”

“ವಯಸ್ಸು ತುಂಬುದ್ರೂ ಸಾಲ್ದು ಅಂತ ನೀನೇ ಯೋಳ್ದೆ. ಬೆಲ್ಟ್ ನೋಡು, ಕುತ್ಗೆನೇ ಕುಯ್ತದೆ!”

ಬಗ್ಗಿ ನೋಡಿದೆ. ನನ್ನ ಎರಡೂ ಪಾದಗಳು ನೆಲದಿಂದ ನಾಲ್ಕು ಅಂಗುಲ ಮೇಲೆ ತೂಗಾಡುತ್ತಿದ್ದವು. ಮೀನಾ ನನ್ನನ್ನು ಇಳಿಸಿ, ಗೋಡೆಗೆ ನಿಲ್ಲಿಸಿ, ಟೇಪು ಹಿಡಿದಳು. ನಾಲ್ಕು ಅಡಿ ಏಳು ಇಂಚು! ನಿವೃತ್ತಿಯ ದಿನ ನಾಲ್ಕು ಅಡಿ ಹತ್ತು ಇಂಚು ಇದ್ದೆ. ಉಳಿದ ಮೂರು ಇಂಚು ಎಲ್ಲಿ ಹೋದವೋ, ನನಗಂತೂ ತಿಳಿಸಿ ಹೋಗಿರಲಿಲ್ಲ. ಆಮೇಲೆ ಅವಳೇ ಗೋಡೆಗೆ ನಿಂತಳು. ನನಗಿಂತ ಒಂದು ಇಂಚು ಎತ್ತರ.

“ನಾನು ವಯಸ್ಸಲ್ಲಿ ಫೇಲು, ನೀನು ಉದ್ದದಲ್ಲಿ ಫೇಲು. ಬಾ ಅಜ್ಜಿ, ಇಂದ್ಗಡೆ ಸೀಟಲ್ಲಿ ಕುಂತ್ಕಳವಾ.”

“ನಾನ್ ಎಲ್ಡ್ರಲ್ಲೂ ಪಾಸು ಬುಡವ್ವ,” ಎನ್ನುತ್ತ ನನ್ನ ಮಗಳು ಸುನೀತ ರೇಷ್ಮೆ ಸೀರೆ ಸರಿಪಡಿಸಿಕೊಂಡು ಮುಂದೆ ಕುಳಿತೇಬಿಟ್ಟಳು. ಹೆತ್ತ ಮಗಳು!

ಹಿಂದೆ ಮೀನಾ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ತುರುಕಿದಳು. ಬೆಲ್ಟು ಹೆಗಲಿಗೆ ಬಂತೇ ಎಂದು ಬೆರಳಿಟ್ಟು ನೋಡಿದಳು. ನಿಯಮ ನನ್ನದೇ ಆದ್ದರಿಂದ ಹಾಸನೂರು ದಾಟುವವರೆಗೂ ನಾನು ಬೆನ್ನನ್ನು ಸೀಟಿಗೆ ಒರಗಿಸಿಯೇ ಕೂತಿದ್ದೆ.

ದಿಂಬಂನಲ್ಲಿ ಟೀ ಅಂಗಡಿಯ ಮುಂದೆ ಕಾರು ನಿಂತಿತು. ದೇವರಾಜು ಇಳಿದ. ಸುನೀತ ಇಳಿದು, ತನ್ನ ಬದಿಯ ಹಿಂದಿನ ಬಾಗಿಲನ್ನು ಹೊರಗಿನಿಂದ ತೆಗೆದು ಮಗಳನ್ನು ಇಳಿಸಿಕೊಂಡಳು. ನಾನು ನನ್ನ ಬದಿಯ ಹಿಡಿಕೆ ಎಳೆದೆ. ಬಾಗಿಲು ಜಗ್ಗಲಿಲ್ಲ. ಎರಡೂ ಕೈ ಹಾಕಿ ಎಳೆದೆ.

ಟೀ ಲೋಟ ಹಿಡಿದ ಅಳಿಯ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದ:

“ಎಳೀಬ್ಯಾಡಿ ಅತ್ತೆ, ಬಂದೆ! ಇಂದ್ಗಡೆ ಮಕ್ಳ ಲಾಕು ಆಕಿವ್ನಿ!”