ಕಪಾಸಾನನ್ನು ಬಿಡಬೇಡಿರೆಂದು ಪಾದ್ರಿಯ ಅರಿಕೆ

ಪೆರೋಲ್ ಮಂಡಳಿಯ ಅಧ್ಯಕ್ಷರಾದ ಶ್ರೀಮತಿ ಮುಟಾಲೆ ಅವರ ಸನ್ನಿಧಿಗೆ, ಬಾಂಗ್ವೇಲು ಸರೋವರದ ದಂಡೆಯಿಂದ ಪಾದ್ರಿ ಆರ್ನಾಲ್ಡ್ ಪೆನ್ನರ್ ಮಾಡುವ ವಂದನೆಗಳು. ತಮಗೂ, ಸದಸ್ಯರಿಗೂ, ಕಡತ ಹೊರುವ ಜವಾನರಿಗೂ ಆಯುರಾರೋಗ್ಯವಿರಲಿ.

ಮಾನ್ಯರೇ,

ನಮ್ಮ ಜಿಲ್ಲಾ ಸೆರೆಮನೆಯ ಕೈದಿ ಕಪಾಸಾನನ್ನು ಅವಧಿಗೆ ಮುಂಚೆ ಬಿಡುವ ವಿಚಾರ ಮಂಡಳಿಯ ಮುಂದಿದೆ. ಸುದ್ದಿ ಕೊಟ್ಟವರು ಸಾರ್ಜೆಂಟ್ ಕಬಾಸೋ. ಸೋಮವಾರ ಬೆಳಗ್ಗೆ ಗೇಟಿನಲ್ಲಿ ನನ್ನ ಚೀಲ ತಪಾಸಣೆ ಮಾಡುತ್ತಾ, ಕೈದಿಗಳಿಗೆಂದು ತಂದ ಸಾಬೂನನ್ನು ಮೂಸಿ ನೋಡುತ್ತಾ, ಪಾದ್ರಿಗೆ ಇಲ್ಲಿ ಸಲ್ಲುವ 'ಬಾ ಪಾಸ್ತಾ' ಎಂಬ ಗೌರವದ ಕರೆಯೊಡನೆ, "ಏನು ಬಾ ಪಾಸ್ತಾ, ನಿಮ್ಮ ಬಾಯಿಗೇ ಬಿಡುಗಡೆ ಆಗ್ತಿದೆಯಂತಲ್ಲ!" ಎಂದರು.

ಮಾತು ನಿಜ. ಕಪಾಸಾ ನನ್ನ ದುಭಾಷಿ. ಪ್ರತಿ ಬುಧವಾರ ಸೆರೆಮನೆಯ ಮಾವಿನ ಮರದಡಿ ನಾನು ಇಂಗ್ಲಿಷಿನಲ್ಲಿ ಬೋಧಿಸುತ್ತೇನೆ, ಆತ ಅದನ್ನು ಬೆಂಬಾ ಭಾಷೆಯಲ್ಲಿ ಹೇಳುತ್ತಾನೆ. ಆತ ಒಳಗೆ ಬಂದದ್ದು ನನ್ನ ಪ್ರಾರ್ಥನಾ ಮಂದಿರದ ಚಾವಣಿಯ ತಗಡುಗಳನ್ನು ಕಳಚಿ ತನ್ನ ಮೀನು ಹೊಗೆಯಾಡಿಸುವ ಗುಡಿಸಲಿಗೆ ಹೊದಿಸಿದ್ದಕ್ಕೆ. ಪೊಲೀಸರಿಗೆ ದೂರು ಕೊಟ್ಟವನು ನಾನೇ. ಅದೇ ವಾರ, ಚಾವಣಿಯಿಲ್ಲದ ಮಂದಿರದಲ್ಲಿ ತಲೆಯ ಮೇಲೆ ಕೊಡೆ ಹಿಡಿದು, ಕ್ಷಮೆಯ ಹಿರಿಮೆಯನ್ನು ಬೋಧಿಸಿದವನೂ ನಾನೇ. ತಾವು ಕೈದಿಯ ನಡತೆಯನ್ನಷ್ಟೇ ಪರೀಕ್ಷಿಸುತ್ತೀರಿ, ದೂರುದಾರನದನ್ನಲ್ಲ. ಈ ನಿಯಮ ಮಾಡಿದವರಿಗೆ ನಾನು ಋಣಿ.

ಈಗ ಮಂಡಳಿಯ ಪದ್ಧತಿಯಂತೆ ನೊಂದ ಪಕ್ಷವು ಊರ ಮುಖಂಡರ ಎದುರು ನಿಂತು, ಬಿಡುಗಡೆಗೆ ತನ್ನ ಅಡ್ಡಿಯಿಲ್ಲವೆಂದು ಸ್ವಂತ ಬಾಯಿಂದ ಹೇಳಬೇಕಂತೆ. ಸುಮ್ಮನಿದ್ದರೆ ಅದೇ ಆಕ್ಷೇಪಣೆಯಂತೆ. ಹೀಗಾಗಿ ಕಪಾಸಾನ ಬಾಗಿಲಿನ ಬೀಗ ನನ್ನ ನಾಲಿಗೆಯ ಮೇಲಿದೆ. ಸೆರೆಯಲ್ಲಿರುವವರಿಗೆ ಬಿಡುಗಡೆಯನ್ನು ಸಾರುವುದೇ ನನ್ನ ಕಸುಬು. ಇಷ್ಟು ವರ್ಷ ಸಾರಿದ ಮೇಲೆ ಈಗೊಬ್ಬ ನಿಜವಾಗಿ ಹೊರಗೆ ಹೊರಟಿದ್ದಾನೆ, ನಾನು ತಕರಾರು ಬರೆಯುತ್ತ ಕೂತಿದ್ದೇನೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ತಾವು ನಕ್ಕರೆ ಸಮುದಾಯದ ಹಿರಿಯರೂ ತಮ್ಮೊಡನೆ ನಗುತ್ತಾರೆ.

ಆದರೂ ನನ್ನ ಕಷ್ಟವನ್ನು ದಯವಿಟ್ಟು ಕೇಳಬೇಕು. ಮನೆಬಿಟ್ಟು ಹೋಗಿ ಮರಳಿದ ಮಗನನ್ನು ತಂದೆ ಕ್ಷಮಿಸುವ ಧರ್ಮಗ್ರಂಥದ ಕಥೆಯನ್ನು ನಾನು ಹೇಳುವ ಕ್ರಮವೊಂದಿದೆ. ಅದರಲ್ಲಿ ತಂದೆ ನನ್ನ ಹುಟ್ಟುನಾಡಾದ, ಹಿಮ ಸುರಿಯುವ ಮ್ಯಾನಿಟೋಬಾದ ರೈತ; ಮಗ ಬರುವ ದಾರಿ ಮುಚ್ಚದಿರಲೆಂದು ದಿನವೂ ಯಂತ್ರ ಹೂಡಿ ಹಿಮ ಸರಿಸುತ್ತಾನೆ. ಈ ಬೋಧನೆಗೆ ಸೆರೆಮನೆಯ ಅಂಗಳವೇ ಅತ್ತಿತು. ಹಿಮ ಸರಿಸುವ ಯಂತ್ರವು ಆಫ್ರಿಕಾದ ಹೃದಯ ಮುಟ್ಟಿತೆಂದು ನಾನು ಹುಟ್ಟೂರಿಗೆ ಬರೆದೆ, ಅಲ್ಲಿನವರು ಅದನ್ನು ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು ಓದಿದರು.

ಕಳೆದ ತಿಂಗಳು ಕಪಾಸಾನಿಗೆ ಮಲೇರಿಯಾ ಬಂತು. ಆ ಬುಧವಾರ ಸಾರ್ಜೆಂಟ್ ಕಬಾಸೋ ಅವರೇ ಅದೇ ಕಥೆಯನ್ನು ಮಾತಿಗೆ ಮಾತು ಇಟ್ಟು ಪ್ರಾಮಾಣಿಕವಾಗಿ ಅನುವಾದಿಸಿದರು. ಈ ಸಲ ಯಾರೂ ಅಳಲಿಲ್ಲ. ಕೊನೆಗೆ ಮುಸೋಂಡಾ ಎಂಬ ಮುದಿ ಕೈದಿ ಕೈಯೆತ್ತಿ ಕೇಳಿದ್ದನ್ನು ಸಾರ್ಜೆಂಟರು ನನಗೆ ಅಷ್ಟೇ ಪ್ರಾಮಾಣಿಕವಾಗಿ ಹೇಳಿದರು: "ಬಾ ಪಾಸ್ತಾಗೆ ಮೈಗೆ ಹುಷಾರಿಲ್ವಾ? ಮೊದಲು ಎಷ್ಟು ಚೆನ್ನಾಗಿ ಹೇಳ್ತಿದ್ರು! ಅಪ್ಪ ದಿನಾ ಸಂಜೆ ದೋಣಿ ಕಟ್ಟೋ ಕಡೆ ಹೋಗಿ ಬೆಂಕಿ ಹಚ್ಚಿಟ್ಟು, ಮಗನ ಪಾಲಿನ ಮೀನು ಬೇರೆ ಎತ್ತಿಟ್ಟು ಕಾಯ್ತಿದ್ದ. ಇವತ್ತಿನ ಅಪ್ಪ ಯಾಕೆ ರಸ್ತೆ ಗುಡಿಸ್ತಿದಾನೆ?"

ಕಪಾಸಾ ಜ್ವರದಿಂದ ಎದ್ದ ಮೇಲೆ, ನನ್ನ ಮಾತನ್ನು ಅನುವಾದಿಸುತ್ತಿರಲಿಲ್ಲವೇ ಎಂದು ವಿಚಾರಿಸಿದೆ. "ಮಾಡ್ತಿದ್ದೆ ಬಾ ಪಾಸ್ತಾ. ನೀವು ಏನು ಹೇಳೋಕೆ ಹೊರಟಿದ್ರೋ ಅದನ್ನ ಮಾಡ್ತಿದ್ದೆ" ಎಂದ. ಕಳ್ಳನೆಂಬುದು ಸಾಬೀತಾದ ಆಸಾಮಿ. ಚಾವಣಿಯಾಯಿತು, ಈಗ ಬೋಧನೆಯನ್ನೂ ಹೊತ್ತೊಯ್ದ. ಇದಕ್ಕೆ ಇನ್ನೊಂದು ಮೊಕದ್ದಮೆ ಹೂಡಬಹುದೇ ಎಂದು ಯೋಚಿಸಿದ್ದೂ ಉಂಟು. ಆದರೆ ಕದ್ದ ಮಾಲು ಕಳ್ಳನ ಕೈಯಲ್ಲೇ ಬೆಲೆ ಬಾಳುವಾಗ ಹಿಂದಕ್ಕೆ ಪಡೆದು ನಾನೇನು ಮಾಡಲಿ?

ಆದ್ದರಿಂದ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟು. ಕಪಾಸಾನನ್ನು ವಾರದಲ್ಲಿ ಆರು ದಿನ ಬಿಟ್ಟು ಬುಧವಾರ ಮಾತ್ರ ಬಂಧಿಸಲು ಸಾಧ್ಯವೇ ನೋಡಬೇಕು. ಆಗದಿದ್ದರೆ, ಕಂಠ ಚೆನ್ನಾಗಿರುವ, ಎರಡೂ ಭಾಷೆ ಬಲ್ಲ, ಕಥೆ ಕಟ್ಟಬಲ್ಲ ಒಬ್ಬನನ್ನು ಯಾವುದಾದರೂ ಅಪರಾಧ ಮಾಡುವಂತೆ ಮನವೊಲಿಸಿ ದೀರ್ಘ ಶಿಕ್ಷೆಯೊಡನೆ ಇಲ್ಲಿಗೆ ಕಳುಹಿಸಿಕೊಡಬೇಕು. ಅದೂ ಆಗದಿದ್ದರೆ ಕೈದಿಗಳೆಲ್ಲ ಒಮ್ಮೆ ಮ್ಯಾನಿಟೋಬಾಕ್ಕೆ ಹೋಗಿ ಹಿಮ ನೋಡಿಬರಲು ರಜೆ ಮಂಜೂರು ಮಾಡಬೇಕು.

ಇದನ್ನೆಲ್ಲ ಕಪಾಸಾನಿಗೂ ಓದಿ ಹೇಳಿದೆ. ಆತ ನಗಲಿಲ್ಲ. "ಮಾರ್ಚ್ ಒಂದಕ್ಕೆ ಮೀನು ಹಿಡಿಯೋ ನಿಷೇಧ ಮುಗಿಯುತ್ತೆ. ಅಣ್ಣ ದೋಣೀಲಿ ನನಗೆ ಜಾಗ ಇಟ್ಟಿದಾನೆ. ಮೊದಲ ದಿನ ಹೋಗ್ಲಿಲ್ಲ ಅಂದ್ರೆ ಇನ್ನೊಬ್ಬ ಹತ್ತಿ ಕೂತ್ಕೊಳ್ತಾನೆ, ಕೂತೋನನ್ನ ಯಾರೂ ಇಳಿಸಲ್ಲ" ಎಂದ. ಆಮೇಲೆ, "ನೀವು ನನ್ನನ್ನ ಕ್ಷಮಿಸಿದೀರಾ?" ಎಂದು ಕೇಳಿದ. ಎಂದೋ ಕ್ಷಮಿಸಿದ್ದೇನಪ್ಪ ಎಂದೆ. "ಮತ್ತೆ ಯಾರಿಗೂ ಹೇಳೇ ಇಲ್ಲ" ಎಂದ.

ಮೇಲಿನ ವಿನಂತಿಗಳನ್ನು ಮಂಡಳಿಯು ಪರಿಗಣಿಸುವ ಅಗತ್ಯವಿಲ್ಲ. ತೊಂದರೆಗೆ ಕ್ಷಮೆಯಿರಲಿ.

ಬುಧವಾರಗಳನ್ನು ಕಳೆದುಕೊಳ್ಳಲಿರುವ
ತಮ್ಮ ವಿಶ್ವಾಸಿ,
ಆರ್ನಾಲ್ಡ್ ಪೆನ್ನರ್

ಮರೆತ ಮಾತು: ಊರ ಮುಖಂಡರ ಎದುರು ಬೆಂಬಾದಲ್ಲೇ ಹೇಳಬೇಕೆಂದೂ, ಮಂಡಳಿಯು ದುಭಾಷಿಯನ್ನು ಒದಗಿಸುವುದಿಲ್ಲವೆಂದೂ ತಮ್ಮ ಕಚೇರಿ ತಿಳಿಸಿದೆ. ಪರದೇಶಿ ಪಾದ್ರಿಗಳೆಲ್ಲ ಈ ದೇಶದ ಭಾಷೆ ಕಲಿತಿರುತ್ತಾರೆಂಬ ತಮ್ಮ ನಂಬಿಕೆಯ ಮುಂದೆ ನನ್ನ ನಂಬಿಕೆ ಏನೇನೂ ಅಲ್ಲ. "ನನ್ನ ಅಡ್ಡಿಯಿಲ್ಲ" ಎಂಬುದನ್ನು ಕಪಾಸಾನೇ ನನಗೆ ಬಾಯಿಪಾಠ ಮಾಡಿಸಿದ್ದಾನೆ. ಅದು ನಾನೆಣಿಸಿದ್ದಕ್ಕಿಂತ ಬಹಳ ಉದ್ದವಿದೆ. ಕೇಳಿದ ಕಾವಲುಗಾರರು ನಕ್ಕರು, ಮುಸೋಂಡಾ ಅಜ್ಜ ಕಣ್ಣೊರೆಸಿಕೊಂಡರು. ಅರ್ಥವನ್ನು ನಾನು ಕೇಳಿಲ್ಲ. ಮಂಡಳಿ ಊರ ಮುಖಂಡರೊಡನೆ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಸೇರುತ್ತದೆ. ನಾನು ಬಂದು ಅದನ್ನು ಹೇಳುತ್ತೇನೆ.